ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಕೆಂಚಿಯವರು ಮಲಗುವ ಬಗ್ಗೆ

ಇಂದ,
ಚಿತ್ರಾ, ಬಿ.ಕಾಂ.,
ಕೋಂ ಸುನಿಲ್‌ಕುಮಾರ್,
ಕಚೇರಿ ಸಹಾಯಕಿ, ಖಾಸಗಿ ಕಾಲೇಜೊಂದು, ಶಿರಾ.
ಹಾಲಿ ವಾಸ: ಸರೋಜಮ್ಮನವರ ಮನೆಯ ಹಿಂಭಾಗ (ಬಾಡಿಗೆ), ಶಿರಾ ಟೌನ್.
ಖಾಯಂ ವಾಸ: ಅದೇ ಈ ಅರ್ಜಿಯ ವಿಷಯ.

ಗೆ,
ಶ್ರೀಮತಿ ಕೆಂಚಿಯವರು,
ಮುಂದಾಳು ಕುರಿ,
ದಾಸಣ್ಣನವರ ಮಂದೆ,
ಗೌಡಗೆರೆ ಹೋಬಳಿ, ಶಿರಾ ತಾಲ್ಲೂಕು.

ಮೂಲಕ: ಯಾರ ಮೂಲಕವೂ ಅಲ್ಲ, ನೇರವಾಗಿ. (ಸೂಕ್ತ ಮಾರ್ಗವಾದ ಮಾವನವರನ್ನು ಬಿಟ್ಟಿದ್ದೇಕೆ ಎಂಬುದನ್ನು ಕ್ರಮ ಸಂಖ್ಯೆ 13ರಲ್ಲಿ ವಿವರಿಸಿದೆ.)

ವಿಷಯ: ಬರುವ ಭಾನುವಾರ ಗೌಡಗೆರೆ ರಸ್ತೆಯ ನಿವೇಶನ ಸಂಖ್ಯೆ 41ರಲ್ಲಿ ತಾವು ಮಲಗಿ ಮೆಲುಕು ಹಾಕುವ ಕುರಿತು.

ಉಲ್ಲೇಖ:
1) ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಪಟ್ಟಣಗಳ ಹೊರವಲಯದಲ್ಲಿ ತಾವು ನಡೆಸಿದ ಸ್ಥಳ ಪರಿಶೀಲನೆ.
2) ಮನೆ ಮಾಲೀಕರಾದ ಸರೋಜಮ್ಮನವರ ಮೌಖಿಕ ನೋಟಿಸು, ಬಟ್ಟೆ ಒಣಹಾಕುವಾಗ ನೀಡಿದ್ದು.
3) ಶಿರಾದ ಲೇಔಟ್ ನಕ್ಷೆ (ತಾವು ತಿಂದಿರುವುದರಿಂದ ಪ್ರತಿ ಲಭ್ಯವಿಲ್ಲ).

ಮಾನ್ಯರೇ,

ಈ ಅರ್ಜಿಯನ್ನು ತಮ್ಮೆದುರು ನಿಂತು ಓದಿ ಹೇಳಲಾಗುವುದು. ಕಾಗದ ಕಂಡರೆ ತಾವು ಏನು ಮಾಡುತ್ತೀರೆಂಬುದು ಉಲ್ಲೇಖ (3)ರಿಂದ ತಿಳಿದಿರುವ ಕಾರಣ, ಮೂಲ ಪ್ರತಿಯನ್ನು ಅರ್ಜಿದಾರಳು ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತಾಳೆ. ಅಗೌರವವೆಂದು ತಿಳಿಯಬಾರದು. ಅರಿಕೆ ಏನೆಂದರೆ:

1. ಅರ್ಜಿದಾರಳಿಗೆ ಮದುವೆಯಾಗಿ ಏಳು ವರ್ಷ. ಈ ಏಳು ವರ್ಷಗಳಲ್ಲಿ ಆಕೆ ಐದು ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡಿದ್ದಾಳೆ. ಒಂದು ಮನೆಯ ಮಾಲೀಕರು ಮೋಟಾರು ಹಾಕಿದ ನಿಮಿಷಗಳನ್ನು ಬರೆದಿಡುತ್ತಿದ್ದರು, ಇನ್ನೊಂದು ಮನೆಯವರು ಬಂದುಹೋಗುವ ನೆಂಟರನ್ನು. ಈಗಿರುವ ಸರೋಜಮ್ಮನವರ ಮನೆಯಲ್ಲಿ ಮಿಕ್ಕಿದ್ದೆಲ್ಲ ಸರಿ, ಗೋಡೆಗೆ ಮೊಳೆ ಮಾತ್ರ ಹೊಡೆಯುವಂತಿಲ್ಲ. ಆದಕಾರಣ ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತುಬಿದ್ದಿದ್ದು, ಗಾಳಿ ಬಂದರೆ ಫೆಬ್ರವರಿ ಹೋಗಿ ಆಗಸ್ಟ್ ಬರುತ್ತದೆ. ಮದುವೆಯ ಫೋಟೋ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿ ನಿಂತಿದ್ದು, ಫ್ರಿಜ್ಜು ನಡುಗಿದಾಗಲೆಲ್ಲ ಮದುಮಕ್ಕಳೂ ನಡುಗುತ್ತಾರೆ.

2. ಜನವರಿಯಲ್ಲಿ ಒಂದು ದಿನ ಸರೋಜಮ್ಮನವರು ಮಹಡಿಯ ಮೇಲೆ ಸೀರೆ ಕೊಡವುತ್ತ, ಕೆಳಗೆ ಪಾತ್ರೆ ತೊಳೆಯುತ್ತಿದ್ದ ಅರ್ಜಿದಾರಳಿಗೆ ಹೀಗೆ ನೋಟಿಸು ಕೊಟ್ಟರು:

"ಚಿತ್ರಾ, ಯುಗಾದಿಗೆ ಮನೆ ಖಾಲಿ ಮಾಡ್ಬುಡಿ ಕಣಮ್ಮ. ನಮ್ ತಮ್ಮನ ಮಗ ಬರ್ತಾವ್ನೆ."

"ಆಂಟಿ, ನಾವು ಸೈಟ್ ನೋಡ್ತಾ ಇದೀವಿ. ಕಟ್ಟೋವರೆಗೂ…"

"ಸೈಟ್ ನೋಡೋರ್ನ ಹದಿನೈದು ವರ್ಷದಿಂದ ನೋಡ್ತಾ ಇದೀನಿ. ಪಾಯ ಹಾಕ್ಸಿ, ಪಾಯದ ಫೋಟೋ ತೋರ್ಸಿ. ಆಮೇಲೆ ಮನೆ ಎದ್ದೇಳೋವರೆಗೂ ಇರಿ, ನಾನೇನೂ ಕೇಳಲ್ಲ. ಕಟ್ಟೋರಿಗೆ ತೊಂದ್ರೆ ಕೊಡಬಾರ್ದು. ನಮ್ ತಮ್ಮನ ಮಗ ಕಾಯ್ತಾನೆ, ಅವನಿಗೇನು, ಇನ್ನೂ ಹೆಣ್ಣೇ ಸಿಕ್ಕಿಲ್ಲ."

ಅಂದರೆ ಯುಗಾದಿಯೊಳಗೆ ಅರ್ಜಿದಾರಳ ಕೈಯಲ್ಲಿ ಒಂದು ಪಾಯದ ಫೋಟೋ ಇರಬೇಕು. ಇಲ್ಲದಿದ್ದರೆ ಆರನೆಯ ಬಾಡಿಗೆ ಮನೆ. ಈ ಅರ್ಜಿ ಬರೆಯುವ ಹೊತ್ತಿಗೆ ಯುಗಾದಿಗೆ ಮೂರು ವಾರ ಉಳಿದಿದೆ.

3. ಊರಿನ ಆಯ್ಕೆ. ಅರ್ಜಿದಾರಳ ಕೆಲಸ ಶಿರಾದಲ್ಲಿ. ಪತಿ ಸುನಿಲ್‌ಕುಮಾರ್ ಅವರು ಕೊರಟಗೆರೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರು. ತವರುಮನೆ ಇವೆರಡರ ನಡುವೆ, ಮಧುಗಿರಿಯಲ್ಲಿ. ಪಾವಗಡ ಯಾವುದರ ನಡುವೆಯೂ ಇಲ್ಲ; ಅಲ್ಲಿ ಸೈಟು ಅಗ್ಗ ಎಂಬ ಒಂದೇ ಕಾರಣಕ್ಕೆ ಪಟ್ಟಿಗೆ ಸೇರಿತು. ನಾಲ್ಕೂ ಪಟ್ಟಣಗಳ ಒಳಗೆ ಕೊಳ್ಳುವ ಮಾತೇ ಇಲ್ಲದ್ದರಿಂದ ಊರು ಮುಗಿದು ಹೊಲ ಶುರುವಾಗುವ ಕಡೆ ಎದ್ದಿರುವ ಹೊಸ ಲೇಔಟುಗಳನ್ನೇ ನೋಡುವುದೆಂದು ತೀರ್ಮಾನವಾಯಿತು. ಅರ್ಜಿದಾರಳು ಇನ್ನೂರು ಪುಟದ ನೋಟ್‌ಬುಕ್ ತಂದು ಒಂದೊಂದು ಊರಿಗೂ ಇಪ್ಪತ್ತಮೂರು ಕಲಮುಗಳನ್ನು ಎಳೆದಳು. ಬಸ್ಸು, ನೀರು, ಚರಂಡಿ, ಆಸ್ಪತ್ರೆ, ಬೀದಿನಾಯಿಗಳ ಸಂಖ್ಯೆ, ಅವುಗಳಲ್ಲಿ ಬೊಗಳುವವು ಎಷ್ಟು, ಸುಮ್ಮನೆ ದಿಟ್ಟಿಸುವವು ಎಷ್ಟು, ಸ್ಮಶಾನ ಎಷ್ಟು ದೂರ, ಕಲ್ಯಾಣ ಮಂಟಪ ಎಷ್ಟು ಹತ್ತಿರ. ಪತಿಯವರ ಅಭಿಪ್ರಾಯಕ್ಕೂ ಒಂದು ಕಲಮು ಇತ್ತು. ಅವರು ಅದನ್ನು ಒಂದೂ ಊರು ನೋಡುವ ಮೊದಲೇ ನಾಲ್ಕಕ್ಕೂ ಸೇರಿಸಿ ತುಂಬಿದರು: "ಚೆನ್ನಾಗೈತೆ."

4. ಮುಂಗಡ ಎಲ್ಲಿಂದ ತರುವುದು ಎಂಬ ಪ್ರಶ್ನೆ ಎದ್ದಾಗ ಮಾವನವರಾದ ದಾಸಣ್ಣನವರು, ನಾದಿನಿಯ ಮಗುವಿನ ನಾಮಕರಣದ ದಿನ, ಜನ ಊಟಕ್ಕೆ ಕೂತಿದ್ದ ಪಂಕ್ತಿಯ ನಡುವೆ ನಿಂತು ಘೋಷಿಸಿದರು: "ನನ್ ಸೊಸೆ ಮನೆಗೆ ಹದಿನೆಂಟು ಕುರಿ ಮಾರಿ ದುಡ್ಡು ಕೊಡ್ತೀನಿ ಕಣ್ರಪ್ಪೋ!" ಕೈ ಬಿಡುವಿದ್ದವರು ಚಪ್ಪಾಳೆ ತಟ್ಟಿದರು, ಅನ್ನ ಕಲಸುತ್ತಿದ್ದವರು ಎಡಗೈಯಲ್ಲಿ ತೊಡೆ ತಟ್ಟಿದರು. ಅದೇ ಉಸಿರಿನಲ್ಲಿ ಮಾವನವರು ಒಂದು ಷರತ್ತನ್ನೂ ಹಾಕಿದರು: "ಆದ್ರೆ ಜಾಗನ ಮಂದೆ ಒಪ್ಪಬೇಕು."

5. ಸದರಿ ಷರತ್ತು ತಮಗೆ ಹೊಸತಲ್ಲ. ಮಾವನವರ ವಂಶದಲ್ಲಿ ಮನೆಗೆ ಕಲ್ಲಿಡುವ ಮೊದಲು ಆ ಜಾಗಕ್ಕೆ ಮಂದೆಯನ್ನು ಹೊಡೆದು ಬಿಡುವುದು ಪದ್ಧತಿ. ಕುರಿ ತಾನಾಗಿ ಮಲಗಿದರೆ ಜಾಗ ಒಳ್ಳೆಯದು, ನಿಂತೇ ಇದ್ದರೆ ಕೆಟ್ಟದ್ದು. ಈ ಬಗ್ಗೆ ಅರ್ಜಿದಾರಳು ಮಾವನವರನ್ನು ವಿಚಾರಿಸಿ ನಿಯಮಗಳನ್ನು ಬರೆದುಕೊಂಡಳು:

(ಅ) ಕಟ್ಟಿಹಾಕಬಾರದು, ಒತ್ತಿ ಕೂರಿಸಬಾರದು.
(ಆ) ಮುಂದಾಳು ಮೊದಲು ಮಲಗಬೇಕು.
(ಇ) ಮಲಗಿದ ಮೇಲೆ ಮೆಲುಕು ಹಾಕಬೇಕು. ಮಲಗಿ ಮೆಲುಕು ಹಾಕದಿದ್ದರೆ ತೀರ್ಮಾನ ಬಾಕಿ ಎಂದು ಅರ್ಥ.

"ಮಾವ, ಈಗ ಮಣ್ಣು ಪರೀಕ್ಷೆ ಮಾಡೋ ಲ್ಯಾಬ್ ಇದೆ," ಎಂದು ಅರ್ಜಿದಾರಳು ಹೇಳಿ ನೋಡಿದಳು.

"ಲ್ಯಾಬ್‌ನೋರು ಅಲ್ಲಿ ಮಲಗ್ತಾರೇನಮ್ಮ?"

ಅರ್ಜಿದಾರಳು ನೋಟ್‌ಬುಕ್ಕಿನಲ್ಲಿ ಲ್ಯಾಬಿನ ಹೆಸರಿಗೆ ಅಡ್ಡಗೆರೆ ಎಳೆದಳು. ಕಾರಣ ಸುರೇಶ್ ಎಂಬವರ ಲಗೇಜ್ ಆಟೋವನ್ನು ಬಾಡಿಗೆಗೆ ಗೊತ್ತುಮಾಡಿ, ತಾವು ಹಾಗೂ ತಮ್ಮ ಹನ್ನೊಂದು ಮಂದಿ ಸಿಬ್ಬಂದಿಯನ್ನು ಭಾನುವಾರಕ್ಕೊಂದು ಊರಿನಂತೆ ಪರಿಶೀಲನೆಗೆ ಕರೆದೊಯ್ಯಲಾಯಿತು.

6. ಶಿರಾ. ಹೈವೇ ಪಕ್ಕದ ಲೇಔಟು. ನಾಲ್ಕೂ ತಾಲ್ಲೂಕುಗಳಿಗೆ ಬ್ರೋಕರ್ ಒಬ್ಬರೇ, ಅಶ್ವತ್ಥ ಅಂತ. ಬಿಳಿ ಅಂಗಿ, ಕುತ್ತಿಗೆಗೆ ಕರ್ಚೀಫು, ಮಾತಿಗೆ ಮುಂಚೆ ನಗು.

"ಮೇಡಮ್, ಇಲ್ಲಿಂದ ಬಸ್‌ಸ್ಟ್ಯಾಂಡ್ ಬರೀ ಐದು ನಿಮಿಷ."

"ಯಾವುದರಲ್ಲಿ ಐದು ನಿಮಿಷ?"

"ಕಾರಲ್ಲಿ ಮೇಡಮ್."

"ನಮ್ಮತ್ರ ಕಾರಿಲ್ಲ."

"ಮನೆ ಆದ್ರೆ ಕಾರು ತಾನಾಗೇ ಬರ್ತದೆ ಮೇಡಮ್. ಎಷ್ಟು ಜನಕ್ಕೆ ನೋಡಿಲ್ಲ ನಾನು!"

ಹೀಗೆನ್ನುತ್ತ ಅವರು ನಕ್ಷೆಯನ್ನು ಬಿಡಿಸಿ ತೋರಿಸುತ್ತಿರುವಾಗ ತಾವು ಹಿಂದಿನಿಂದ ಬಂದು ಅದರ ಈಶಾನ್ಯ ಮೂಲೆಯನ್ನು ತಿಂದಿರಿ. ಅಶ್ವತ್ಥ ಅವರು ಎಳೆದರು, ತಾವೂ ಎಳೆದಿರಿ. ಉಳಿದ ಮೂರು ಮೂಲೆಗಳೂ ಹೋದವು.

"ಅಜ್ಜಾ, ಅದು ಒರಿಜಿನಲ್ಲು!"

"ತಿನ್ನಲಿ ಬುಡಪ್ಪ," ಎಂದರು ಮಾವನವರು. "ಜಾಗ ನೋಡೋಕ್ ಮುಂಚೆ ಕಾಗ್ದ ನೋಡ್ಬೇಕು ಅಂತ ನನ್ ಸೊಸೆನೂ ಅಂತಾಳೆ."

ನಕ್ಷೆಯ ನಂತರ ತಾವು ಮೂರು ಗಂಟೆ ಕಾಲ ನಿಂತೇ ಇದ್ದಿರಿ. ಅಶ್ವತ್ಥ ಅವರು ಮಾವನವರಿಗೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಮಾವನವರು, "ಬ್ಯಾಡಪ್ಪ, ಕುಂತ್ರೆ ಮಂಡಿ ಹಿಡ್ಕತದೆ," ಎಂದು ಕೋಲಿಗೆ ಗಲ್ಲ ಊರಿ ನಿಂತರು. ಅರ್ಜಿದಾರಳು ಎಲ್ಲವನ್ನೂ ಬರೆದುಕೊಳ್ಳುವ ಸ್ವಭಾವದವಳಾದ್ದರಿಂದ ಇದನ್ನೂ ಬರೆದುಕೊಂಡಳು: ಕುರ್ಚಿ, ಬೇಡವೆಂದರು.

7. ಮಧುಗಿರಿ. ಬೆಟ್ಟದ ಬುಡದ ಲೇಔಟು. ಮಧ್ಯಾಹ್ನದ ಮೇಲೆ ಕಾದ ಬಂಡೆಯ ಝಳ ನೇರ ಸೈಟಿಗೇ ಬರುತ್ತದೆ. ರೊಟ್ಟಿಯ ಹಂಚಿನ ಪಕ್ಕ ಮನೆ ಮಾಡಿದ ಹಾಗೆ. ಆದರೂ ತವರು ಹತ್ತಿರ, ನೀರಿಗೆ ತೊಂದರೆಯಿಲ್ಲ, ನಾಯಿಗಳು ನಾಲ್ಕೇ. ಇಲ್ಲಿ ತಾವು ಮಲಗಿದಿರಿ. ಮಾನ್ಯರೇ, ತಾವು ಮುಂಗಾಲು ಮಡಿಸಿದ ಆ ಕ್ಷಣ ಅರ್ಜಿದಾರಳ ಕಣ್ಣಲ್ಲಿ ನೀರು ಬಂದಿತ್ತು. ಆದರೆ ತಾವು ಮಲಗಿದ್ದು ತೋರಿಸಿದ ಸೈಟಿನಲ್ಲಲ್ಲ, ಅದರ ಎದುರಿನ ಜಾಲಿ ಗಿಡಗಳ ನಡುವೆ. ಮಾವನವರು ಕಾಲಿಗೆ ಹೊಕ್ಕ ಮುಳ್ಳನ್ನು ಕೀಳಲು ಅಲ್ಲಿ ಹೋಗಿ ಕೂತಿದ್ದರು.

"ಅಲ್ಲಲ್ಲ, ಅದು ಪಾರ್ಕು!" ಅಶ್ವತ್ಥ ಅವರು ಓಡಿಬಂದರು.

"ಯಾವ್ ಪಾರ್ಕಪ್ಪ? ಬರೀ ಜಾಲಿ ಐತೆ."

"ನಕ್ಷೆದಾಗೆ ಪಾರ್ಕು ಅಜ್ಜ."

"ಅಂಗಾದ್ರೆ ಆ ಪಾರ್ಕೇ ಕೊಟ್ಬುಡು."

"ಪಾರ್ಕು ಮಾರಂಗಿಲ್ಲ, ಅದು ಸಾರ್ವಜನಿಕರದು!"

"ನಾವ್ಯಾರ್ಲಾ ಮತ್ತೆ?"

ಪತಿಯವರು ಸುತ್ತ ನೋಡಿ, "ಪಾರ್ಕು ಚೆನ್ನಾಗೈತೆ," ಎಂದರು.

8. ಕೊರಟಗೆರೆ. ಇಲ್ಲಿನ ಲೇಔಟಿನ ವಿಶೇಷ, ಸಿದ್ದರಬೆಟ್ಟ ಕಾಣುತ್ತದೆ. ಮಾವನವರು ಇಳಿದವರೇ ಬೆಟ್ಟಕ್ಕೆ ಕೈ ಮುಗಿದು ನಿಂತರು. ಮುಗಿದ ಕೈ ಒಂದೂವರೆ ಗಂಟೆಯಾದರೂ ಇಳಿಯಲಿಲ್ಲ. ತಾವೂ ತಮ್ಮ ಹನ್ನೊಂದು ಮಂದಿಯೂ ಸಾಲಾಗಿ ಅದೇ ದಿಕ್ಕಿಗೆ ಮುಖ ಮಾಡಿ ಅಲುಗದೆ ನಿಂತಿರಿ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಇಲ್ಲೇನೋ ಮಹಿಮೆ ಇದೆಯೆಂದು ತಿಳಿದು, ಚಪ್ಪಲಿ ಬಿಟ್ಟು ಬಂದು ತಮ್ಮ ಕಾಲು ಮುಟ್ಟಿ ಬಾಳೆಹಣ್ಣು ಕೊಟ್ಟರು. ತಾವು ಸಿಪ್ಪೆ ಸಮೇತ ಸ್ವೀಕರಿಸಿದಿರಿ, ನಿಂತೇ. ಆಮೇಲೆ ಇನ್ನೂ ಆರು ಜನ ಬಂದರು. ಅಶ್ವತ್ಥ ಅವರು ಅರ್ಜಿದಾರಳನ್ನು ಪಕ್ಕಕ್ಕೆ ಕರೆದು, "ಮೇಡಮ್, ಇದು ಮಾಮೂಲಿ ಸೈಟಲ್ಲ. ಇನ್ಮೇಲೆ ಐವತ್ತು ಸಾವ್ರ ಜಾಸ್ತಿ," ಎಂದರು. ಹೀಗಾಗಿ ಕೊರಟಗೆರೆಯು ಅರ್ಜಿದಾರಳ ಕೈಗೆ ಎಟುಕದಂತಾಗಿದ್ದು ತಮ್ಮ ಭಕ್ತಿಯಿಂದಲೇ.

9. ಪಾವಗಡ. ಎಲ್ಲಕ್ಕಿಂತ ಅಗ್ಗ. "ಬಿಸಿಲು ಫ್ರೀ ಮೇಡಮ್," ಎಂದರು ಅಶ್ವತ್ಥ. "ಸೋಲಾರ್ ಹಾಕ್ಸಿದ್ರೆ ಕರೆಂಟ್ ಬಿಲ್ಲೇ ಇಲ್ಲ." ಇಡೀ ಲೇಔಟಿನಲ್ಲಿ ನೆರಳು ಇದ್ದದ್ದು ಒಂದೇ ಕಡೆ, 'ನಿಮ್ಮ ಕನಸಿನ ಮನೆ ಇಲ್ಲಿದೆ' ಎಂಬ ದೊಡ್ಡ ಬೋರ್ಡಿನ ಹಿಂದೆ. ಮಾವನವರು ಅಲ್ಲಿ ನಿಂತರು. ತಾವೆಲ್ಲರೂ ಒಬ್ಬರ ಹೊಟ್ಟೆಯಡಿ ಇನ್ನೊಬ್ಬರು ತಲೆ ತೂರಿಸಿ ಅಲ್ಲೇ ನಿಂತಿರಿ. ಹೊತ್ತು ವಾಲಿದಂತೆ ನೆರಳು ಹನ್ನೆರಡನೇ ಸೈಟಿನಿಂದ ಹದಿನೈದಕ್ಕೆ ಜರುಗಿತು, ಮಾವನವರೂ ಜರುಗಿದರು, ತಾವೂ ಜರುಗಿದಿರಿ. ಪಕ್ಕದ ಮನೆಯ ಹೆಂಗಸು ಮಜ್ಜಿಗೆ ತಂದುಕೊಟ್ಟು, ಕಾಲು ನೋಯುತ್ತದೆ ಸ್ವಲ್ಪ ಹೊತ್ತು ಕೂತುಕೋ ಎಂದು ಅರ್ಧ ತೆಲುಗಿನಲ್ಲಿ ಗದರಿಕೊಂಡಳು.

"ಏಂ ತಾತಾ, ಕೂಸೋ ಕೊಂಚೆಂ ಸೇಪು! ಇಂಗೆ ನಿಂತ್ಕಂಡ್ರೆ ಕಾಳ್ಳು ನೊಪ್ಪಿ ಬರಲ್ವಾ?"

"ಇಲ್ಲಮ್ಮ, ನಿಂತ್ಕಂಡೇ ಕುಡೀತೀನಿ."

ಲೋಟ ವಾಪಸು ಕೊಟ್ಟು ಮಾವನವರು ಅಶ್ವತ್ಥ ಅವರನ್ನು ಕೇಳಿದರು: "ಮನೆ ಕಟ್ಟಿದ್ ಮ್ಯಾಲೂ ಈ ಬೋರ್ಡ್ ಇರ್ತದೇನಪ್ಪ?"

"ಇಲ್ಲ ಅಜ್ಜ, ಸೈಟ್ ಮಾರೋವರೆಗೂ ಅಷ್ಟೇ."

"ಅಂಗಾದ್ರೆ ನೆರಳೂ ಮಾರೋವರೆಗೇ."

ಪಾವಗಡದ ಕಲಮನ್ನು ಅಲ್ಲಿಗೆ ಮುಚ್ಚಲಾಯಿತು.

10. ಈ ಕಲಮಿನಲ್ಲಿ ಅರ್ಜಿದಾರಳು ತಪ್ಪೊಪ್ಪಿಕೊಳ್ಳಬೇಕಾಗಿದೆ. ಐದನೆಯ ಭಾನುವಾರ ಮತ್ತೆ ಶಿರಾದ ಅದೇ ಲೇಔಟಿಗೆ ಹೋಗುವುದೆಂದಾದಾಗ ಆಕೆ ಬೆಳಗ್ಗೆಯೇ ಒಬ್ಬಳೇ ಹೋಗಿ, ಸೈಟಿನ ಗಡಿಕಲ್ಲಿನ ಹಿಂದೆ ಕಡಲೆಕಾಯಿ ಬಳ್ಳಿಯ ಎರಡು ಹೊರೆ ಹರಡಿ ಬಂದಳು. ಹೊಟ್ಟೆ ತುಂಬಿದ ಕುರಿ ಮಲಗಲೇಬೇಕು ಎಂಬುದು ಆಕೆಯ ಲೆಕ್ಕ. ಇದನ್ನು ಲಂಚವೆಂದು ಭಾವಿಸದೆ ಪರಿಶೀಲನಾ ಭತ್ಯೆಯೆಂದು ಪರಿಗಣಿಸಬೇಕು.

ಅವತ್ತು ಅತ್ತೆಯವರಾದ ಗೌರಕ್ಕನವರೂ ಹಟ ಹಿಡಿದು ಆಟೋ ಹತ್ತಿದ್ದರು. "ಐದ್ ವಾರದಿಂದ ಕುರಿಗೊಳು ಊರೂರು ನೋಡ್ಕಂಡ್ ಬರ್ತಾವೆ. ನಾನೇನ್ ಪಾಪ ಮಾಡಿದ್ದೆ?" ಎಂಬುದು ಅವರ ವಾದ. ತಾವು ಬಳ್ಳಿಯನ್ನು ಮೇಯುತ್ತಿರುವಾಗ ಅವರು ಮಾವನವರ ಕಡೆ ತಿರುಗಿ, "ಊರು ತೋರ್ಸಿದ್ದಾಯ್ತು, ಈಗ ಒಂದ್ ಟೀ ಕುಡ್ಸು ಬಾ," ಎಂದರು. ಗೇಟಿನ ಆಚೆ ಸರ್ವೀಸ್ ರಸ್ತೆಯ ಪಕ್ಕ ಟೀ ಅಂಗಡಿ. ಮಾವನವರು ಮುಖ ಸಣ್ಣಗೆ ಮಾಡಿಕೊಂಡು ಹೋದರು. ಹೋಗಿ ಬೆಂಚಿನ ಮೇಲೆ ಕೂತರು.

ಆಗ ನಡೆದದ್ದು ತಮಗೂ ಗೊತ್ತು. ತಾವು ಬಾಯಲ್ಲಿದ್ದ ಬಳ್ಳಿಯನ್ನು ಬಿಟ್ಟು ತಲೆ ಎತ್ತಿದಿರಿ. ಗೇಟು ದಾಟಿ ಅಂಗಡಿಯ ಮುಂದೆ ಬಂದಿರಿ. ಮಾವನವರ ಕಾಲ ಬಳಿ ಮುಂಗಾಲು ಮಡಿಸಿ ಮಲಗಿ, ನಿಯಮ (ಇ)ರ ಪ್ರಕಾರ ಮೆಲುಕು ಹಾಕಲು ಶುರುಮಾಡಿದಿರಿ. ಹಿಂದೆಯೇ ಹನ್ನೊಂದು ಮಂದಿಯೂ ಮಲಗಿದರು.

"ಅಜ್ಜಾ, ಟೀ ಅಂಗಡಿ ಜಾಗ ಮಾರಾಟಕ್ಕಿಲ್ಲ!" ಎಂದರು ಅಶ್ವತ್ಥ, ಏದುಸಿರು ಬಿಡುತ್ತ.

ಟೀ ಅಂಗಡಿಯವರು ಸೌಟು ಕೆಳಗಿಟ್ಟರು. "ಯಾರ್ರೀ ಹೇಳಿದ್ದು? ಮೊದ್ಲು ರೇಟ್ ಹೇಳಿ."

ಅರ್ಜಿದಾರಳು ತಮ್ಮನ್ನೇ ನೋಡುತ್ತ ನಿಂತಿದ್ದಳು. ಅತ್ತೆಯವರು ನಕ್ಕರು.

"ಅಯ್ಯೋ, ಬಿ.ಕಾಂ. ಓದಿದೀಯ, ಇಷ್ಟು ಗೊತ್ತಿಲ್ವಾ? ಅವು ಇವನು ಕುಂತ್ರೆ ಕುಂತ್ಕತವೆ, ಎದ್ರೆ ಎದ್ದೇಳ್ತವೆ. ನಲವತ್ತು ವರ್ಷದಿಂದ ಇವನು ಹೇಳಿದಂಗೆ ಕೇಳದೆ ಇರೋಳು ನಾನೊಬ್ಳೇ."

11. ಅರ್ಜಿದಾರಳು ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವಿದಳು. ಶಿರಾ: ಕುರ್ಚಿ ಬೇಡವೆಂದರು. ಮಧುಗಿರಿ: ಮುಳ್ಳು ಕೀಳಲು ಕೂತರು, ಕುರಿ ಮಲಗಿತು. ಕೊರಟಗೆರೆ: ಕೈ ಮುಗಿದು ನಿಂತರು. ಪಾವಗಡ: ಮಜ್ಜಿಗೆಯನ್ನೂ ನಿಂತೇ ಕುಡಿದರು.

"ಮಾವ, ನೀವು ಬೇಕಂತಲೇ ಕೂರಲಿಲ್ಲ ಅಲ್ವಾ?"

ಮಾವನವರು ಟೀ ಲೋಟದೊಳಗೆ ನೋಡಿದರು. "ಸಕ್ರೆ ಜಾಸ್ತಿ ಆಗೈತೆ."

"ಮಾವ."

"ಏನ್ ಹೇಳ್ಲಮ್ಮ… ಅವತ್ತು ಅಷ್ಟು ಜನದ ಮುಂದೆ ಹೇಳ್ಬುಟ್ಟೆ. ಹೇಳೋ ಹೊತ್ನಾಗೆ ಹದಿನೆಂಟು ಅಂದ್ರೆ ಬರೀ ಹದಿನೆಂಟೇ ಆಗಿತ್ತು. ಆಮೇಲೆ ವ್ಯಾಪಾರದೋನು ಬಂದು ಒಂದೊಂದೇ ಕಿವಿ ಹಿಡ್ದು ಆರಿಸ್ಕಂಡ. ಮೊದಲ್ನೇದೇ ಕೆಂಚಿ."

"ಆಗಲೇ ಬೇಡ ಅನ್ನಬಹುದಿತ್ತು."

"ನಾನು ಬ್ಯಾಡ ಅಂದ್ರೆ ಸೊಸೆಗೆ ಕೊಟ್ಟ ಮಾತು ತಪ್ಪಿದಂಗೆ. ಕುರಿ ಬ್ಯಾಡ ಅಂದ್ರೆ ಪದ್ಧತಿ."

"ಥೂ ನಿನ್ನ!" ಅತ್ತೆಯವರು ಎದ್ದೇ ನಿಂತರು. "ಅದ್ಕೆ ಐದ್ ವಾರ ಬಿಸಿಲಾಗೆ ಮಂಡಿ ನೋವು ಇಟ್ಕಂಡು ನಿಂತಿದ್ದಾ? ಬಂದ್ಬುಟ್ಟು ಮಂಡಿ ಮಂಡಿ ಅಂತ ಗೋಳಾಡಿದಾಗ ಎಣ್ಣೆ ತಿಕ್ಕಿದ್ದು ಕುರಿಯಲ್ಲ, ನಾನು!"

ಅರ್ಜಿದಾರಳಿಗೆ ಮೊದಲು ಬಂದದ್ದು ಸಿಟ್ಟು. ಐದು ಭಾನುವಾರ, ನಾಲ್ಕು ತಾಲ್ಲೂಕು, ಆಟೋ ಬಾಡಿಗೆ, ಇತ್ತ ಕಿಟಕಿಯಲ್ಲಿ ಹಾರಾಡುವ ಯುಗಾದಿ. ಅಷ್ಟರಲ್ಲಿ ತಾವು ಮಾವನವರ ಒಡೆದ ಹಿಮ್ಮಡಿಯನ್ನು ನೆಕ್ಕುತ್ತಿದ್ದುದು ಕಣ್ಣಿಗೆ ಬಿತ್ತು. ಮಾವನವರು ಕಾಲನ್ನು ಎಳೆದುಕೊಳ್ಳಲೂ ಇಲ್ಲ, ತಮ್ಮ ಕಡೆ ನೋಡಲೂ ಇಲ್ಲ. ಯಾರನ್ನು ಮಾರಿ ಜಾಗ ಕೊಳ್ಳಬೇಕೋ ಅವರ ಬಳಿಯೇ ಆ ಜಾಗಕ್ಕೆ ಒಪ್ಪಿಗೆ ಕೇಳುತ್ತ ತಾನು ಊರೂರು ಸುತ್ತಿದ್ದೇನೆ ಎಂಬುದು ಅರ್ಜಿದಾರಳಿಗೆ ಆಗ ಹೊಳೆಯಿತು. ಯಾವ ಕಚೇರಿಯಲ್ಲೂ ಇಂಥ ಕಡತ ಒಂದು ದಿನವೂ ನಿಲ್ಲುವುದಿಲ್ಲ.

"ಅಪ್ಪಾ, ಕುರಿ ಮಾರ್ಬ್ಯಾಡ ಬುಡು," ಎಂದರು ಪತಿಯವರು. ಏಳು ವರ್ಷಗಳಲ್ಲಿ ಅವರು 'ಚೆನ್ನಾಗೈತೆ' ಬಿಟ್ಟು ಬೇರೊಂದು ಅಭಿಪ್ರಾಯ ಕೊಟ್ಟದ್ದು ಅದೇ ಮೊದಲು.

12. ಕಾರಣ ಆ ಟೀ ಅಂಗಡಿಯಲ್ಲೇ ಕೆಳಕಂಡ ತೀರ್ಮಾನಗಳಾದವು. ಹದಿನೆಂಟು ಕುರಿಗಳ ಮಾರಾಟ ರದ್ದು. ಮೂವತ್ತು–ನಲವತ್ತರ ಆಸೆಯೂ ರದ್ದು. ಅರ್ಜಿದಾರಳು ಹಾಕುತ್ತಿರುವ ಚೀಟಿಯ ಹಣಕ್ಕೆ ಎಟುಕುವ ಸೈಟು ಯಾವುದಾದರೂ ಇದೆಯೇ ಎಂದು ಅಶ್ವತ್ಥ ಅವರನ್ನು ಕೇಳಿದಾಗ ಅವರು ತಲೆ ಕೆರೆದುಕೊಂಡು, "ಗೌಡಗೆರೆ ರಸ್ತೆದಾಗೆ ಒಂದೈತೆ, ಇಪ್ಪತ್ತು–ಮೂವತ್ತು. ಕಾಗ್ದ ಎಲ್ಲಾ ಕ್ಲಿಯರು. ತೋರ್ಸೋಕೆ ನಂಗೇ ನಾಚ್ಕೆ ಮೇಡಮ್," ಎಂದರು. ಬ್ರೋಕರ್ ಒಬ್ಬರು ನಾಚಿದ್ದನ್ನು ಅರ್ಜಿದಾರಳು ಹಿಂದೆಂದೂ ಕಂಡಿರಲಿಲ್ಲವಾದ್ದರಿಂದ ಮರುದಿನವೇ ಹೋಗಿ ನೋಡಿಬಂದಳು.

ಶಿರಾದಿಂದ ಆರು ಕಿಲೋಮೀಟರು. ದಿನಕ್ಕೆ ಮೂರು ಬಸ್ಸು, ಮೂರನೆಯದು ಡ್ರೈವರ್ ಮನಸ್ಸು ಬಂದರೆ. ದೀಪದ ಕಂಬಗಳಿವೆ, ದೀಪಗಳಿಲ್ಲ. ನಾಲ್ಕು ದಿನಕ್ಕೊಮ್ಮೆ ನೀರು. ಕರಪತ್ರದಲ್ಲಿ ಈಜುಕೊಳವೆಂದು ಅಚ್ಚಾಗಿರುವ ಜಾಗದಲ್ಲಿ ಒಂದು ಗುಂಡಿಯಿದ್ದು, ಸದ್ಯಕ್ಕೆ ಎಮ್ಮೆಯೊಂದು ಮಾತ್ರ ಸದಸ್ಯತ್ವ ಪಡೆದಿದೆ. ಸೈಟು ಎಷ್ಟು ಚಿಕ್ಕದೆಂದರೆ ಇಡೀ ಮಂದೆ ಬಂದರೆ ಸರದಿಯ ಮೇಲೆ ಮಲಗಬೇಕಾಗುತ್ತದೆ. ಪತಿಯವರು ಕೊರಟಗೆರೆಗೆ ಹೋಗಲು ಎರಡು ಬಸ್ಸು ಬದಲಿಸಬೇಕು. ಆದರೂ ಅಲ್ಲಿ ನಿಂತು ಬಾಗಿಲು ಎಲ್ಲಿ, ಒಲೆ ಎಲ್ಲಿ ಎಂದು ಅರ್ಜಿದಾರಳು ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದಳು. ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ತಿರುಗುವಂತಿಲ್ಲ, ಒಬ್ಬರಾದ ಮೇಲೆ ಒಬ್ಬರು ತಿರುಗಬಹುದು. ಅವಳಿಗೆ ಅಷ್ಟು ಸಾಕೆನಿಸಿತು.

13. ಹಾಗಿದ್ದ ಮೇಲೆ ಈ ಅರ್ಜಿ ಯಾಕೆ, ಅದೂ ಮಾವನವರನ್ನು ಬಿಟ್ಟು ನೇರವಾಗಿ ಯಾಕೆ ಎಂದು ತಾವು ಕೇಳಬಹುದು. ತೊಂದರೆ ಈಗ ತಿರುಗುಮುರುಗಾಗಿದೆ. ಮಾರಾಟ ರದ್ದಾದ ದಿನದಿಂದ ಮಾವನವರ ಉತ್ಸಾಹ ಹಿಡಿಯಲಾಗುತ್ತಿಲ್ಲ. "ಆಟೋದಿಂದ ಇಳ್ದ ತಕ್ಷಣ ಕುಂತ್ಕಂಬುಡ್ತೀನಿ ಕಣಮ್ಮ. ಬೇಕಾದ್ರೆ ಟವಲ್ ಹಾಸ್ಕಂಡು ಮಲೀಕಂಡೇ ಬುಡ್ತೀನಿ. ಕೆಂಚಿ ಎಲ್ಲಿಗೋಯ್ತಾಳೆ?" ಎನ್ನುತ್ತಿದ್ದಾರೆ. ಅವರು ಮಲಗಿದರೆ ತಾವು ಮಲಗುತ್ತೀರಿ. ತಾವು ಮಲಗಿದರೆ ಸೋಮವಾರ ಮುಂಗಡ, ಮುಂದಿನ ವಾರ ಪಾಯ, ಯುಗಾದಿಯೊಳಗೆ ಫೋಟೋ. ಎಲ್ಲವೂ ಸರಿಹೋಗುತ್ತದೆ.

ಆದರೆ ಜಾಗ ಹೇಗಿದೆ ಅಂತ ಹೇಳುವವರು ಯಾರು?

ಅರ್ಜಿದಾರಳು ಎಲ್ಲರನ್ನೂ ಕೇಳಿ ನೋಡಿದ್ದಾಳೆ. ಅಶ್ವತ್ಥ ಅವರು, ನಾಚಿಕೆ ಬಿಟ್ಟು, "ಇನ್ನೆರಡು ವರ್ಷದಾಗೆ ಡಬಲ್ ಮೇಡಮ್" ಎಂದರು. ಅವರಿಗೆ ಕಮಿಷನ್ ಇದೆ. ಬ್ಯಾಂಕಿನವರು ಬಹಳ ಒಳ್ಳೆಯ ಏರಿಯಾ ಎಂದರು. ಅವರಿಗೆ ಬಡ್ಡಿ ಇದೆ. ಸರೋಜಮ್ಮನವರು ಬೇಗ ಹಾಕಿಸಿ ಎಂದರು. ಅವರಿಗೆ ತಮ್ಮನ ಮಗ ಇದ್ದಾನೆ. ಅತ್ತೆಯವರು, "ಹತ್ರ ಆಯ್ತು, ವಾರಕ್ಕೊಂದ್ ಸಲ ಬಂದು ನಿನ್ ಅಡುಗೆ ತಿದ್ತೀನಿ" ಎಂದರು; ಇದನ್ನು ಅರ್ಜಿದಾರಳು ಯಾವ ಕಲಮಿಗೆ ಸೇರಿಸಬೇಕೆಂದು ಇನ್ನೂ ಯೋಚಿಸುತ್ತಿದ್ದಾಳೆ. ಪತಿಯವರು ಚೆನ್ನಾಗೈತೆ ಎಂದರು. ಕಮಿಷನ್ನು, ಬಡ್ಡಿ, ನೆಂಟಸ್ತಿಕೆ, ಕೊಟ್ಟ ಮಾತು ಯಾವುದೂ ಇಲ್ಲದವರು ಈ ವ್ಯವಹಾರದಲ್ಲಿ ತಾವೊಬ್ಬರೇ. ಮಾರಾಟದ ಪಟ್ಟಿಯಿಂದ ತಮ್ಮ ಹೆಸರು ಹೋಗಿರುವುದರಿಂದ ಈಗ ಹೆದರಿಕೆಯೂ ಇಲ್ಲ.

ಮೊದಮೊದಲು ಈ ಪದ್ಧತಿಯನ್ನು ಕಂಡು ಮುಖ ಸಿಂಡರಿಸಿದವಳು ಇದೇ ಅರ್ಜಿದಾರಳೆಂಬುದು ತಮಗೂ ನೆನಪಿರಬಹುದು. ಅದನ್ನು ಆಕೆ ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುವ ಮುನ್ನ ಯಾರಾದರೂ ಒಬ್ಬರು ಆ ಮಣ್ಣನ್ನು ಮೂಸಿ ನೋಡಿ ನಿಜ ಹೇಳಲಿ ಅಂತ ಆಕೆಗೆ ಅನ್ನಿಸಿದೆ.

ಆದ್ದರಿಂದ ಮಾನ್ಯರಾದ ತಾವು ಬರುವ ಭಾನುವಾರ ನಿವೇಶನ ಸಂಖ್ಯೆ 41ಕ್ಕೆ ಬಂದು, ಮಾವನವರ ಕಡೆಯಾಗಲಿ ಅರ್ಜಿದಾರಳ ಮುಖದ ಕಡೆಯಾಗಲಿ ನೋಡದೆ, ಜಾಗವನ್ನು ಸ್ವತಃ ಪರಿಶೀಲಿಸಿ ತೀರ್ಮಾನ ನೀಡಬೇಕೆಂದು ಕೋರುತ್ತಾಳೆ. ಮಲಗಿದರೆ ತಮ್ಮ ಉಪಕಾರವನ್ನು ಮನೆ ಇರುವವರೆಗೂ ನೆನೆಯುತ್ತಾಳೆ. ಮಲಗದೆ ಹೋದರೆ ಅಳುವುದಿಲ್ಲವೆಂದು ಬರೆದುಕೊಡಲಾರಳು. ಆದರೆ ತಮ್ಮನ್ನು ದೂರುವುದಿಲ್ಲ, ಮಾರನೆಯ ದಿನದಿಂದ ಹೊಸ ಪುಟದಲ್ಲಿ ಇಪ್ಪತ್ತಮೂರು ಕಲಮು ಎಳೆಯುತ್ತಾಳೆ.

ತಮ್ಮ ಮೇವಿನ ಹಾಗೂ ಮೆಲುಕಿನ ವಿಶ್ವಾಸಿ,
ಚಿತ್ರಾ

ಸ್ಥಳ: ಶಿರಾ (ತಾತ್ಕಾಲಿಕ)

ಲಗತ್ತುಗಳು:
1) ನಿವೇಶನ ಸಂಖ್ಯೆ 41ರ ನಕ್ಷೆ, ಪ್ಲಾಸ್ಟಿಕ್ ಹೊದಿಸಿದ್ದು.
2) ಹದಿನೆಂಟರ ಮಾರಾಟ ಪಟ್ಟಿ, ಅಡ್ಡಗೆರೆ ಎಳೆದು ಮಾವನವರ ಸಹಿಯನ್ನೂ ಹೆಬ್ಬೆಟ್ಟನ್ನೂ ಹಾಕಿಸಿದ್ದು. (ಅವರಿಗೆ ಸಹಿ ಮಾಡಲು ಬರುತ್ತದೆ; ಆದರೂ ಎರಡೂ ಇರಲಿ ಎಂದರು.)
3) ಕಡಲೆಕಾಯಿ ಬಳ್ಳಿ: ಈ ಬಾರಿ ಲಗತ್ತಿಸಿಲ್ಲ.

ಕೊನೆಯದಾಗಿ ಒಂದು ಕೋರಿಕೆ: ಭಾನುವಾರ ಆಟೋ ನಿಂತ ಕೂಡಲೇ ಮೊದಲು ಹಿಂಬಾಗಿಲನ್ನೇ ತೆಗೆಯುವಂತೆ ಸುರೇಶ್ ಅವರಿಗೆ ತಿಳಿಸಲಾಗಿದೆ. ಮಾವನವರು ಮುಂದಿನ ಸೀಟಿನಿಂದ ಇಳಿದು, ಟವಲ್ಲು ಕೊಡವಿ, ಹಾಸಿ, ಕೂರಲು ಅಂದಾಜು ನಾಲ್ಕು ನಿಮಿಷ ಹಿಡಿಯುತ್ತದೆ. ತಮ್ಮ ಅಭಿಪ್ರಾಯ ಏನೇ ಇರಲಿ, ದಯಮಾಡಿ ಆ ನಾಲ್ಕು ನಿಮಿಷದೊಳಗೆ ತಿಳಿಸಬೇಕು.